ಆಟ ನಿಲ್ಲಿಸದ ತಪ್ಪಿಗೆ ನಪಾಸಾದ ನನ್ನಪ್ಪ

ಫುಟ್‌ಬಾಲ್ ಕೋಚ್‌ಗಳಿಗೆ ಲೈಸೆನ್ಸ್ ಕೊಡುವ, ಕೊಡದೆಯೂ ಇರುವ ಅಧಿಕಾರವುಳ್ಳ ಮಾನ್ಯರೇ,

ನನ್ನ ಅಪ್ಪ ಮೈದಾನಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಇದಕ್ಕೆ ಅರ್ಧ ಕಾರಣ ನಿಮ್ಮ ಕಚೇರಿ, ಇನ್ನರ್ಧ ನಾನು. ನನ್ನ ಪಾಲನ್ನು ನಾನು ಹೊರುತ್ತೇನೆ. ನಿಮ್ಮ ಪಾಲನ್ನು ನಿಮಗೆ ತಿಳಿಸಲು ಬರೆದ ಅರ್ಜಿಗಳಿಗೆಲ್ಲ ಒಂದೇ ಸಾಲಿನ ಉತ್ತರ ಬಂದದ್ದರಿಂದ ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಅಪ್ಪನದು ಪಂಚರ್ ಅಂಗಡಿ. ಅಂಗಡಿ ತೆಗೆಯುವ ಮೊದಲು, ಮುಚ್ಚಿದ ಮೇಲೆ ನಮ್ಮ ಬೀದಿಯ ಹೆಣ್ಣುಮಕ್ಕಳ ತಂಡಕ್ಕೆ ಕೋಚ್. ಮಕ್ಕಳು ಅವರನ್ನು ಕರೆಯುವುದೇ ಪಂಚರ್ ತಾತ ಎಂದು. ಸೋತು ಕುಸಿದು ಕೂತ ಹುಡುಗಿಯ ಬೆನ್ನು ತಟ್ಟಿ, “ಗಾಳಿ ಹೋಗಿದೆ ಅಷ್ಟೇ, ಟ್ಯೂಬ್ ಗಟ್ಟಿಯಾಗಿದೆ, ಏಳಮ್ಮ” ಎನ್ನುತ್ತಿದ್ದರು. ಲೈಸೆನ್ಸ್ ಇಲ್ಲದವರು ಇನ್ನು ಮುಂದೆ ಪಂದ್ಯದಲ್ಲಿ ಮೈದಾನದ ಗೆರೆಯ ಪಕ್ಕ ನಿಲ್ಲುವಂತಿಲ್ಲ ಎಂಬ ನಿಮ್ಮ ಸುತ್ತೋಲೆ ಬಂದಾಗ ಉಳಿದ ಹಳೆಯ ಕೋಚ್‌ಗಳು ನಿಮಗೆ ಹಿಡಿಶಾಪ ಹಾಕಿದರು. ಅಪ್ಪ ಹೊಸ ಬೂಟು ಕೊಂಡರು. “ಕಲಿಸ್ತೀವಿ ಬನ್ನಿ ಅಂತ ಕರೀತಿದಾರೆ, ಬೈಯೋದ್ಯಾಕೆ? ನೀನೂ ಬಾ ಮಗಳೇ” ಎಂದು, ಅವರ ಕೈಕೆಳಗೇ ಆಡಿ ಬೆಳೆದ ನನ್ನನ್ನೂ ಹೊರಡಿಸಿದರು.

ನಿಮ್ಮ ಕೋರ್ಸನ್ನು ನಾನು ಹಳಿಯುತ್ತಿಲ್ಲ. ಅದು ಒಳ್ಳೆಯ ಕೋರ್ಸು. ಎಳೆಯ ಮಕ್ಕಳಿಂದ ತಲೆಯಲ್ಲಿ ಚೆಂಡು ಹೊಡೆಸಬಾರದು ಎಂದು ಅಲ್ಲಿ ಹೇಳಿಕೊಟ್ಟ ಮರುದಿನವೇ ಅಪ್ಪ ಆ ಅಭ್ಯಾಸವನ್ನು ಕೈಬಿಟ್ಟರು. “ಇಷ್ಟು ವರ್ಷ ಹೊಡೆಸಿದೆನಲ್ಲೇ” ಎಂದು ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕೂತರು. ತರಗತಿಯಲ್ಲಿ ಮೊದಲ ಬೆಂಚು ಅವರದೇ. ಪರದೆಯ ಮೇಲಿನ ಅಕ್ಷರ ಕಾಣದಿದ್ದರೆ ನಮ್ಮ ಹಾಗೇ ಲೈಸೆನ್ಸಿಗೆ ಬಂದು ಪಕ್ಕದಲ್ಲಿ ಕೂತ ಬಸ್ ಕಂಡಕ್ಟರ್ ಓದಿ ಹೇಳುತ್ತಿದ್ದ. ಬಿಡುವಿನಲ್ಲಿ ಎಲ್ಲರ ಚೆಂಡಿಗೂ ಗಾಳಿ ತುಂಬುತ್ತಿದ್ದವರು ಅಪ್ಪ. ಅವರೆಂದರೆ ಎಲ್ಲರಿಗೂ ಪ್ರಾಣ. ಅದೇ ಅವರಿಗೆ ಮುಳುವಾಯಿತು.

ಕೊನೆಯ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು. ಓದುವವರಿಗಾಗಿ ಹೇಳುತ್ತೇನೆ. ಒಬ್ಬರು ಕೋಚ್ ಆಗಬೇಕು, ಉಳಿದ ಅಭ್ಯರ್ಥಿಗಳು ಆಟಗಾರರಾಗಬೇಕು. ಆಟದಲ್ಲಿ ತಪ್ಪು ಕಂಡ ಕೂಡಲೇ ಕೋಚ್ ಸೀಟಿ ಊದಿ, ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ತಿದ್ದಿ, ಮತ್ತೆ ಆಡಿಸಬೇಕು. ಅಂಕವೆಲ್ಲ ಇರುವುದು ಆ ತಿದ್ದುವುದರಲ್ಲಿ. ಅಪ್ಪನ ಸರದಿ ಬಂದಾಗ ಕಂಡಕ್ಟರ್ ನಮ್ಮನ್ನೆಲ್ಲ ಗುಂಪು ಮಾಡಿ ಪಿಸುಗುಟ್ಟಿದ: “ಯಾರೂ ಎಡವಟ್ಟು ಮಾಡ್ಬೇಡ್ರಪ್ಪಾ. ಮೇಷ್ಟ್ರು ಪಾಸಾಗ್ಲೇಬೇಕು.”

ನಾವು ಎಡವಟ್ಟು ಮಾಡಲಿಲ್ಲ. ಜೀವಮಾನದಲ್ಲೇ ಹಾಗೆ ಆಡಿರಲಿಲ್ಲ. ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಚೆಂಡು ಅಳೆದಿಟ್ಟ ಹಾಗೆ ಹೋಯಿತು. ಅಪ್ಪ ಸೀಟಿಯನ್ನು ತುಟಿಗಿಟ್ಟುಕೊಂಡು ಕಾದರು, ಆಮೇಲೆ ಕೈಯಲ್ಲಿ ಹಿಡಿದುಕೊಂಡರು, ಕೊನೆಗೆ ಸುಮ್ಮನೆ ನಗುತ್ತ ನಿಂತುಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ನಾವು ಗೆದ್ದೆವು ಎಂದುಕೊಂಡೆ. ಯಾಕೆ ಆಟ ನಿಲ್ಲಿಸಲಿಲ್ಲ ಎಂದು ನಿಮ್ಮ ಪರೀಕ್ಷಕರು ಕೇಳಿದಾಗ ಅಪ್ಪ, “ಇಷ್ಟು ಚಂದ ಆಡೋರನ್ನ ಯಾಕೆ ಸಾರ್ ನಿಲ್ಲಿಸ್ಲಿ?” ಎಂದರು. ಪರೀಕ್ಷಕರು ಅಲ್ಲೇ ತೀರ್ಪು ಹೇಳಿದರು: ದೋಷ ಗುರುತಿಸಿಲ್ಲ, ತಿದ್ದಿಲ್ಲ, ಅರ್ಹರಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ಕಂಡಕ್ಟರ್ ನೆಲಕ್ಕೆ ಕೂತು ತಲೆ ಚಚ್ಚಿಕೊಂಡ.

ಇಲ್ಲದ ತಪ್ಪನ್ನು ಹುಡುಕಿ ತಿದ್ದುವುದೇ ಅರ್ಹತೆಯಾದರೆ, ಮಾನ್ಯರೇ, ನಮ್ಮ ಬೀದಿಯ ಅತ್ತೆಯಂದಿರಿಗೆಲ್ಲ ನೀವು ಅತ್ಯುನ್ನತ ಲೈಸೆನ್ಸ್ ದಯಪಾಲಿಸಬೇಕಾದೀತು. ನೋಡಿ ಸುಮ್ಮನಿರುವುದೂ ಕೋಚ್ ಮಾಡುವ ಕೆಲಸ ಎಂದು ನಿಮ್ಮದೇ ತರಗತಿಯಲ್ಲಿ ಹೇಳಿದ್ದರಲ್ಲ, ಅದಕ್ಕೆ ಒಂದು ಅಂಕವೂ ಇಲ್ಲವೇ?

ಮಧ್ಯಾಹ್ನ ನನ್ನ ಸರದಿ. ಅಪ್ಪ ಹಿಂದಿನ ಸಾಲಿನಲ್ಲಿ ಆಡುತ್ತಿದ್ದರು. ಸುಲಭವಾದ ಒಂದು ಚೆಂಡು ಅವರ ಎಡಗಾಲಿಗೆ ಬಂತು. ಬಿಟ್ಟುಕೊಟ್ಟರು. ನಾನು ಸೀಟಿ ಊದಿದೆ. ಅವರ ಭುಜ ಹಿಡಿದು ತಿರುಗಿಸಿ, ಪಾದ ಹೀಗಿಡಿ, ಮೊದಲೇ ಸುತ್ತ ನೋಡಿಕೊಳ್ಳಿ ಎಂದು ಹೇಳಿದೆ. ನಡೆಯಲು ಕಲಿಸಿದ ಮನುಷ್ಯನಿಗೆ ಪಾದ ಇಡುವುದನ್ನು ತೋರಿಸಿಕೊಟ್ಟೆ. “ಸರಿ ಕೋಚ್” ಎಂದರು. ನಾನು ಪಾಸಾದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ, “ಬೇಕಂತಾನೇ ಬಿಟ್ಯಾ ಅಪ್ಪಾ?” “ಇಲ್ಲಮ್ಮ, ಮಂಡಿ ಕೈಕೊಡ್ತು” ಎಂದು ಕಿಟಕಿಯ ಕಡೆ ತಿರುಗಿದರು. ಅವರಿಗೆ ನೋವಿರುವುದು ಬಲಮಂಡಿ.

ಮೊದಲ ಪಂದ್ಯದ ದಿನ ನಾನು ಗೆರೆಯ ಪಕ್ಕ ನಿಂತೆ, ಅಪ್ಪ ತಂತಿಬೇಲಿಯ ಆಚೆ. ಗೋಲು ಬಿಟ್ಟುಕೊಟ್ಟ ನಮ್ಮ ಗೋಲ್‌ಕೀಪರ್ ಹುಡುಗಿ ವಿರಾಮದಲ್ಲಿ ಅಳುತ್ತ ನನ್ನನ್ನು ದಾಟಿ ಬೇಲಿಯ ಹತ್ತಿರ ಓಡಿದಳು. ನಿಮ್ಮ ಅಧಿಕಾರಿಯೊಬ್ಬರು ಬಂದು, ಆಟಗಾರರಿಗೆ ಹೊರಗಿನವರು ಸಲಹೆ ಕೊಡುವಂತಿಲ್ಲ ಎಂದರು. ಹೊರಗಿನವರು! ಅಪ್ಪ ಬೇಲಿಯಿಂದ ಬೆರಳು ತೆಗೆದು, “ಹೋಗಮ್ಮ, ಅಕ್ಕ ಇದಾಳಲ್ಲ” ಎಂದು ಅವಳನ್ನು ವಾಪಸ್ ಕಳಿಸಿದರು. ಅಂದಿನಿಂದ ಅವರು ಬಂದಿಲ್ಲ. ಚೆಂಡುಗಳಿಗೆ ಗಾಳಿ ತುಂಬಿ ಅಂಗಡಿಯ ಬಾಗಿಲಲ್ಲಿ ಇಟ್ಟಿರುತ್ತಾರೆ, ನಾನು ಎತ್ತಿಕೊಂಡು ಹೋಗುತ್ತೇನೆ. ಸೀಟಿ ಪಂಪಿನ ಪಕ್ಕದ ಮೊಳೆಗೆ ನೇತಾಡುತ್ತಿದೆ.

ನಿಮ್ಮ ಒಂದೇ ಸಾಲಿನ ಉತ್ತರದ ಪ್ರಕಾರ ಮರುಪರೀಕ್ಷೆ ಎರಡು ವರ್ಷದ ಬಳಿಕ, ಅರವತ್ತು ದಾಟಿದವರಿಗೆ ಇಲ್ಲ. ಅಪ್ಪನಿಗೆ ಈಗ ಐವತ್ತೊಂಬತ್ತು. ಲೆಕ್ಕ ನಿಮಗೇ ಬಿಟ್ಟೆ.

ನನಗೆ ವಿನಾಯಿತಿ ಬೇಡ, ದಯೆ ಬೇಡ, ನನ್ನ ಲೈಸೆನ್ಸನ್ನು ಅವರ ಹೆಸರಿಗೆ ಬರೆದುಕೊಡಿ ಎಂದೂ ಕೇಳುತ್ತಿಲ್ಲ. ಈ ವರ್ಷವೇ ಅವರಿಗೆ ಇನ್ನೊಂದು ಪರೀಕ್ಷೆ ಕೊಡಿ. ನಾವೆಲ್ಲ ಕೆಲಸಕ್ಕೆ ರಜೆ ಹಾಕಿ ಬರುತ್ತೇವೆ, ಕಂಡಕ್ಟರ್ ಈಗಲೇ ಕೇಳಿಟ್ಟಿದ್ದಾನೆ. ಈ ಸಲ ಮನಸಾರೆ ಕೆಟ್ಟದಾಗಿ ಆಡುತ್ತೇವೆ. ಎಲ್ಲರಿಗಿಂತ ಮೊದಲು ನಾನು ಚೆಂಡು ಬಿಟ್ಟುಕೊಡುತ್ತೇನೆ. ಅಪ್ಪ ಸೀಟಿ ಊದಲಿ. ಬಂದು ನನ್ನ ಭುಜ ಹಿಡಿದು ತಿರುಗಿಸಲಿ. ನಾನು “ಸರಿ ಕೋಚ್” ಎನ್ನಬೇಕು.

ಇಂತಿ,
ಅಪ್ಪನ ಪರೀಕ್ಷೆಯಲ್ಲಿ ಚೆಂಡಿನ ಒಂದು ಪಾಸನ್ನೂ ಕೆಡಿಸದ,
ನಿಮ್ಮ ದೃಷ್ಟಿಯಲ್ಲಿ ಅರ್ಹಳಾದ ಮಗಳು