ಮೂರು ಸಲ ಒಪ್ಪಿದ ದೇವಿ

ಅಲ್ಲ ಪೇಯಿಜುನಕ್ಕಾ, ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಈ ಮೆಸೇಜ್ ನಿನಗೆ ತಲುಪಲ್ಲ, ಗೊತ್ತು. ಆದರೂ ನಿನ್ನ ಹಾಡಿನ ಪ್ರತಿ ವಿಡಿಯೊಗೂ ಮೊದಲ ಲೈಕ್ ನಂದೇ!

ನಮ್ಮಜ್ಜಿಯ ಪಾದಗಳು ಜೋಮು ಹಿಡಿದಿವೆ. ನಿನ್ನ ಆಪರೇಷನ್ ದಿನ ಹರಕೆ ಹೊತ್ತು ಮಾಂಸ, ಹಾಲು, ಮೊಟ್ಟೆ ಬಿಟ್ಟವಳು ಇವತ್ತಿಗೂ ಮುಟ್ಟಿಲ್ಲ. “ಮೊಟ್ಟೆ ತಿನ್ನಿ, ಇಲ್ಲಾ ಬಿ12 ಮಾತ್ರೆ ನುಂಗಿ. ಇಲ್ದಿದ್ರೆ ನಡೆಯೋಕಾಗಲ್ಲ” ಎಂದರು ಡಾಕ್ಟರ್.

“ಕಷ್ಟ ಇಲ್ದೆ ಅದೆಂಥ ಹರಕೆ?” ಎಂದಳು ಅಜ್ಜಿ.

ಬೆಳಿಗ್ಗೆ ಅವಳನ್ನು ಗುವಾನ್‌ಯಿನ್ ದೇವಿಯ ಗುಡಿಗೆ ಎಳೆದೊಯ್ದೆ. ಹರಕೆ ಬಿಡಿಸ್ತೀಯಾ ತಾಯಿ ಎಂದು ಕೇಳಿ, ಅರ್ಧಚಂದ್ರದಂಥ ಎರಡು ಮರದ ತುಂಡು ಎಸೆದೆವು. ಒಂದು ಅಂಗಾತ, ಒಂದು ಮಗುಚಿ ಬಿದ್ದರೆ ಒಪ್ಪಿಗೆ. ಮೂರು ಸಲವೂ ಹಾಗೇ ಬಿತ್ತು! ನಾನು ಅಲ್ಲೇ ಕುಣಿದೆ, ಬೀದಿಯಲ್ಲೇ ಮೊಟ್ಟೆ ಕೊಂಡು ಸುಲಿದುಕೊಟ್ಟೆ.

ತುಟಿವರೆಗೆ ತಂದು ಇಳಿಸಿದಳು. “ದೇವಿಗೆ ನನ್ನ ಮೇಲೆ ಕನಿಕರ ಕಣೇ. ನಾ ತಿಂದ್ಮೇಲೆ ಹುಡುಗಿಗೆ ಕಾಯಿಲೆ ಮತ್ತೆ ಬಂದ್ರೆ?”

ನಿನ್ನ ವಿಡಿಯೊ ತೋರಿಸಿದೆ. “ನೋಡಜ್ಜಿ, ಹೆಂಗೆ ಕುಣೀತಿದ್ದಾಳೆ!”

“ಎಲ್ಲಾ ಮೇಕಪ್ಪು. ಕೆನ್ನೆ ಒಳಗೆ ಹೋಗಿದೆ.”

ಮೊಟ್ಟೆ ಅವಳ ಕೈಯಲ್ಲೇ ತಣ್ಣಗಾಯಿತು.

“ನಿನ್ನ ಹರಕೆ ಯಾರು ಕೇಳಿದ್ರು?” ಎಂದು ಅಜ್ಜಿಯ ಮೇಲೆ ಕೂಗಿ ಮನೆ ಬಿಟ್ಟು ಹೋದವಳು ನೀನು. ತೈಪೆಯಿಂದ ಒಂದು ರೈಲು ಹತ್ತಿ ಬಂದು, ಆ ಕೆನ್ನೆಯನ್ನು ಅಜ್ಜಿಯ ಕೈಗೆ ಕೊಟ್ಟರೆ ಸಾಕು. ದೇವಿಯೇ ಬಿಟ್ಟುಕೊಟ್ಟಳು ಅಕ್ಕಾ, ನಿನಗೇನು ಅಡ್ಡಿ?