ಸುಳಿ ಬಿಟ್ಟು ಕೊಯ್ಯುವುದು

ಸೋಮವಾರ, ಮಧ್ಯಾಹ್ನ

ಪ್ರೀತಿಯ ದೊಡ್ಡಕ್ಕನಿಗೆ ನಮಸ್ಕಾರ.

ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಈಚಲ ಗರಿ ಕೊಯ್ಯುವ ಕಾಲ. ಬೆರಳ ತುಂಬ ಮುಳ್ಳು ಚುಚ್ಚಿದ ಗಾಯ, ಪೆನ್ನು ಹಿಡಿದರೆ ಉರಿ. ನಿನ್ನ ಮಂಡಿನೋವು ಹೇಗಿದೆ? ಇವರು ಚೆನ್ನಾಗಿದ್ದಾರೆ. ಎಂದಿನಂತೆ ನನ್ನ ಅಡುಗೆಗೆ ಹೆಸರಿಡುತ್ತಾರೆ, ತಟ್ಟೆಯಲ್ಲಿ ಮಾತ್ರ ಏನೂ ಉಳಿಸುವುದಿಲ್ಲ.

ಈ ಸಲ ಒಬ್ಬ ವ್ಯಾಪಾರಿ ಬಂದಿದ್ದ. ನಮ್ಮ ಚಾಪೆ, ಪೊರಕೆ ಅವನಿಗೆ ಬೇಡ. ಟೋಪಿ ಹೆಣೆಸಲು ಬೆಳ್ಳನೆಯ ಎಳೆಗರಿಯೇ ಬೇಕಂತೆ. ಎಳೆಗರಿ ಎಂದರೆ ಸುಳಿ. ಈಚಲಿಗೆ ಇರುವುದೇ ಒಂದು ಸುಳಿ, ಅದನ್ನು ಬುಡಸಮೇತ ಕಿತ್ತರೆ ಮರ ಹೋಯಿತು ಎಂದು ನಿನಗೆ ನಾನು ಹೇಳಬೇಕೇ? ಸುತ್ತಲಿನ ಬಲಿತ ಗರಿ ಕೊಯ್ಯಿರಿ, ನಡುವಿನದನ್ನು ಮುಟ್ಟಬೇಡಿ, ಈ ವರ್ಷ ಕೊಯ್ದ ಮರಕ್ಕೆ ಮುಂದಿನ ವರ್ಷ ಬಿಡುವು ಕೊಡಿ ಎಂದು ಅಮ್ಮ ನಮ್ಮ ಕೈಗೆ ಕತ್ತಿ ಕೊಡುವ ಮೊದಲೇ ಹೇಳಿಕೊಟ್ಟಿದ್ದಳು. ಗರಿ ಕೊಯ್ಯುವ ನಮ್ಮ ಗುಂಪಿನ ಹೆಂಗಸರೆಲ್ಲ ಸೇರಿ ವ್ಯಾಪಾರಿಯನ್ನು ವಾಪಸ್ಸು ಕಳಿಸಿದೆವು.

ಆಮೇಲೆ ಹಳ್ಳದ ದಂಡೆಯ ಮರಗಳು ನಡುವಿನಿಂದ ಒಣಗತೊಡಗಿದವು. ಕಾದು ನೋಡಿದರೆ, ಆ ವ್ಯಾಪಾರಿಗೆಂದು ಸುಳಿ ಕೀಳುತ್ತಿದ್ದವಳು ನಮ್ಮ ತಂಗಿ, ಚಿಕ್ಕವಳೇ! ತುಂಬಿದ ಬಸುರಿ, ಮಡಿಲ ತುಂಬ ಸುಳಿ. ಗುಂಪಿನ ಮುಖ್ಯಸ್ಥೆ ನಾನಲ್ಲವೇ, ಎಲ್ಲರೂ ನನ್ನ ಮುಖ ನೋಡಿದರು.

“ಈ ಕೊಯ್ಲು ಮುಗಿಯೋವರೆಗೂ ನೀನು ಈ ಕಡೆ ಬರ್ಬೇಡಮ್ಮ” ಎಂದೆ.

“ನಮ್ಮನೆಯವರ ಕೆಲಸ ಹೋಗಿದೆ. ಮಗು ಬೇರೆ ಬರ್ತಾ ಇದೆ. ನಾನೇನು ಮಾಡ್ಲಿ ಹೇಳು?”

“ನನ್ನ ಪಾಲಿನ ಗರಿ ತಗೊಂಡು ಹೋಗು.”

“ನಿನ್ನ ಭಿಕ್ಷೆ ಯಾರಿಗೆ ಬೇಕು? ಅಕ್ಕ ಅಂದ್ಕೊಂಡಿದ್ದೆ. ನೀನು ಸಾಹೇಬ್ರಾಗ್ಬಿಟ್ಟೆ!”

ಕತ್ತಿಯನ್ನು ನನ್ನ ಕಾಲ ಬಳಿ ಎಸೆದು ಹೋದಳು. ನಾನು ತಪ್ಪು ಮಾಡಿದೆನೆಂದು ಈಗಲೂ ಅನಿಸುವುದಿಲ್ಲ ಅಕ್ಕಾ. ಆದರೆ ಸುಸ್ತಾಗಿದೆ. ನೆನೆಹಾಕಿದ ಗರಿ ನೀರಲ್ಲೇ ಕೊಳೆಯುತ್ತಿದೆ, ಹೆಣೆಯಲು ಕೂರುವ ಮನಸ್ಸಿಲ್ಲ. ಗುಂಪಿನವರು ಹೊಗಳುತ್ತಾರೆ, ಆ ಹೊಗಳಿಕೆ ಕೇಳಿದರೆ ಎದ್ದು ಹೋಗೋಣ ಅನಿಸುತ್ತದೆ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ಹೊಟ್ಟೆತುಂಬ ಉಣ್ಣಲಿ, ನೂರು ಕಾಲ ಬಾಳಲಿ.

ನಿನ್ನ
ನಡುವಿನವಳು

ಮತ್ತೆ, ಈ ಕಾಗದ ಅಂಚೆಗೆ ಹಾಕುವ ಮೊದಲೇ ಚಿಕ್ಕವಳಿಗೆ ಹೆಣ್ಣುಮಗು ಆಯಿತು. ಹಾಲಿನವಳು ಹೇಳಿ ಗೊತ್ತಾಯಿತು. ಮೊದಲೇ ಹೆಣೆದಿಟ್ಟಿದ್ದ ಪುಟ್ಟ ಚಾಪೆ ಹಿಡಿದು ಓಡಿದೆ. ಬಾಗಿಲಲ್ಲಿ ಅವಳ ಗಂಡ ತಲೆ ತಗ್ಗಿಸಿ, “ಮಲಗಿದಾಳೆ” ಎಂದ. ಒಳಗೆ ಅವಳು ಮಗುವನ್ನು ರಮಿಸುವುದು ಕೇಳಿಸುತ್ತಿತ್ತು. ಚಾಪೆಯನ್ನು ಅವನ ಕೈಗಿತ್ತು ಬಂದೆ. ಬೆಳಿಗ್ಗೆ ಎದ್ದು ನೋಡಿದರೆ ಅದು ನಮ್ಮ ಹೊಸ್ತಿಲ ಮೇಲಿತ್ತು. ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ಮಗು ಯಾರ ಹಾಗಿದೆ ಎಂದು ಅವಳು ನಿನಗೆ ಬರೆದರೆ, ನನಗೂ ಒಂದು ಮಾತು ತಿಳಿಸು.