ಬಲೆಮನೆಯ ಗೋಡೆಯ ಕಲ್ಲು

ಗಂಗೊಳ್ಳಿ ತೇಲುಕೇರಿ
ಫೆಬ್ರವರಿ 30, 2151

ಹಿಂದಿನವರಿಗೆ ನಮಸ್ಕಾರ.

ನಮ್ಮ ಫೆಬ್ರವರಿಗೆ ಮೂವತ್ತು ದಿನ. ಇಂಥ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ತೇಲುಕೇರಿ ಎಂದರೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಕಟ್ಟಿದ ನಮ್ಮ ಊರು. ಅದರ ಕೆಳಗೆ, ಎರಡಾಳು ಆಳದಲ್ಲಿ, ನಿಮ್ಮ ಬಂದರಿದೆ. ಘಟ್ಟದ ಮೇಲೆ ವಾಸಿಸಲು ನೆಲಚೀಟಿ ಬೇಕು. ಅದು ಸಿಗುವುದು ತಮ್ಮ ಹಿರಿಯರು ಈ ದಡದವರೆಂದು ಚಿತ್ರಸಮೇತ ತೋರಿಸಿದವರಿಗೆ ಮಾತ್ರ. ಕಾಗದಗಳೆಲ್ಲ ನೀರುಪಾಲಾಗಿವೆ.

ಪಕ್ಕದ ತೆಪ್ಪದ ಗುಲಾಬಕ್ಕನಿಗೆ ಎಂಬತ್ತು ವರ್ಷ, ಉಬ್ಬಸ. ಇನ್ನೊಂದು ಮಳೆಗಾಲವನ್ನು ತೆಪ್ಪದ ಮೇಲೆ ಕಳೆಯುವ ಶಕ್ತಿ ಅವರಲ್ಲಿರಲಿಲ್ಲ. ಅವರ ಅಜ್ಜ ನಾರಣ ಮೊಗವೀರರ ಹೆಸರು ಬಂದರಿನ ಬಲೆಮನೆಯ, ಅಂದರೆ ಬಲೆ ಹೆಣೆಯುವ ಕಟ್ಟಡದ, ಗೋಡೆಯಲ್ಲಿ, ಕಟ್ಟಿದವರ ಹೆಸರು ಕೆತ್ತಿದ ಕಲ್ಲಿನಲ್ಲಿತ್ತು. ಕಳೆದ ಬೇಸಿಗೆಯಲ್ಲಿ ಅದರ ಫೋಟೊ ತೆಗೆಯುವ ಕೆಲಸ ನನಗೆ ಬಂತು. ಮುಳುಗಲು ಸಿಕ್ಕಿದ್ದು ಒಂದೇ ಸಲದ ಅನುಮತಿ. ಮರುದಿನ ಅಲ್ಲಿ ತಡೆಗೋಡೆಗೆಂದು ಬಂಡೆ ಸುರಿಯುವವರಿದ್ದರು.

ನಾನು ಅವಸರ ಮಾಡಲಿಲ್ಲ. ಕ್ಯಾಮೆರಾದ ಪೆಟ್ಟಿಗೆಯೊಳಗೆ ಮೊದಲು ಬರೀ ಒಣ ಕಾಗದವಿಟ್ಟು, ಒಂದಿಡೀ ದಿನ ಮುಳುಗಿಸಿ, ಕಾಗದ ಒದ್ದೆಯಾಗಿಲ್ಲವೆಂದು ಖಚಿತಮಾಡಿಕೊಂಡೆ. ರಬ್ಬರ್ ಉಂಗುರಕ್ಕೆ ಅಂಟಿದ್ದ ಒಂದು ಕೂದಲೆಳೆಯನ್ನೂ ಬಿಡದೆ ತೆಗೆದೆ. ಫ್ಲ್ಯಾಶನ್ನು ಲೆನ್ಸಿನ ಪಕ್ಕದಲ್ಲೇ ಬಿಗಿದು, ಕುಡಿಯುವ ನೀರಿನ ತೊಟ್ಟಿಯಲ್ಲಿ ಕಲ್ಲಿನ ಬದಲಿಗೆ ಹಂಚೊಂದನ್ನಿಟ್ಟು ನಲವತ್ತು ಫೋಟೊ ತೆಗೆದೆ. ತೇಲುಕೇರಿಯಲ್ಲಿ ಆ ತೊಟ್ಟಿಗೆ ಕೈ ಅದ್ದುವುದೇ ತಪ್ಪು. ಗುಲಾಬಕ್ಕನಿಗಾಗಿ ಎಲ್ಲರೂ ಒಪ್ಪಿದ್ದರು. ನಲವತ್ತೂ ಸ್ಪಷ್ಟವಾಗಿ ಬಂದವು.

ಕೆಳಗೆ ಕಲ್ಲು ಸಿಕ್ಕಿತು. ಹೆಸರನ್ನು ಬೆರಳಿನಿಂದಲೇ ಓದಿದೆ. ಹನ್ನೊಂದು ಸಲ ಫ್ಲ್ಯಾಶ್ ಮಿಂಚಿತು. ಮೇಲೆ ಬಂದು ನೋಡಿದರೆ ಹನ್ನೊಂದೂ ಬರೀ ಬಿಳಿ. ಬೆಳಕು ಕಲ್ಲನ್ನು ಮುಟ್ಟುವ ಮೊದಲೇ ಲೆನ್ಸಿನ ಮುಂದಿದ್ದ ಹೊಳೆಯ ಕೆಸರಿನ ಕಣಗಳನ್ನು ಬೆಳಗಿತ್ತು. ಫ್ಲ್ಯಾಶನ್ನು ಮೊಳದುದ್ದದ ಕೋಲಿಗೆ ಕಟ್ಟಿ, ದೂರದಿಂದ ಓರೆಯಾಗಿ ಹಿಡಿಯಬೇಕಿತ್ತು. ಒಂದು ಬಕೆಟ್ ಕೆಸರು ನೀರಿನಲ್ಲಿ ನೋಡಿದ್ದರೂ ತಿಳಿಯುತ್ತಿತ್ತು; ಅದು ನಮ್ಮ ಸುತ್ತಲೂ ಇತ್ತು. ನನಗೆ ಬೇಕಿದ್ದದ್ದು ಪರೀಕ್ಷೆಯೋ, ಚಂದದ ಫೋಟೊವೋ? ಇಂದಿಗೂ ಕೇಳಿಕೊಳ್ಳುತ್ತೇನೆ.

"ಹೊಳಿ ಕಾಂಬುಕೆ ಕುಡು ನೀರಗೆ ಕಲ್ತ್ಯಾ ಮಾರಾಯ್ತಿ?" ಎಂದು ಗುಲಾಬಕ್ಕ ನಕ್ಕರು. ನಗು ಕೆಮ್ಮಾಯಿತು. ಆ ಮಳೆಗಾಲದ ಕೊನೆಯನ್ನು ಅವರು ಕಾಣಲಿಲ್ಲ.

ಅವರ ಮಗಳು ಬೇಬಿ ಇನ್ನೂ ಅದೇ ತೆಪ್ಪದಲ್ಲಿದ್ದಾರೆ. ಅವರಿಗೂ ಈಗ ಕೆಮ್ಮು ಶುರುವಾಗಿದೆ.

ನಿಮ್ಮ ಕಾಲದಲ್ಲಿ ಆ ಗೋಡೆ ಒಣ ನೆಲದಲ್ಲೇ ಇದೆ. ಅದರ ಮೇಲೆ ಬಿಸಿಲು ಬೀಳುತ್ತದೆ. ಯಾರಾದರೂ ಹೋಗಿ ಒಂದು ಫೋಟೊ ತೆಗೆದು, ಘಟ್ಟದ ಮೇಲೆ ಎಲ್ಲಾದರೂ ಜೋಪಾನವಾಗಿಡಿ. ನಾರಣ ಮೊಗವೀರರ ಹೆಸರು ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿದೆ. ಫ್ಲ್ಯಾಶ್ ಬೇಕಾಗುವುದಿಲ್ಲ.

ವಾರಿಜಾ